ಗಾಜಿನ ಬಟ್ಟೆಯ ಮಡ್‌ಗಾರ್ಡ್

೧೯೬೭ರ ಒಂದು ಮಧ್ಯಾಹ್ನ. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಗಂಡ ಎಕ್ಕಂಬಿಯಲ್ಲಿ ಕಾರುಗಳ ತಗಡು ಬಡಿದು ರಿಪೇರಿ ಮಾಡುವವನೆಂದು ಮಾತಿನಿಂದಲೇ ತಿಳಿಯಿತು.

“ಈ ಊರಿನ ರಘುಪತಿ ಹೆಗಡೇರು ತಮ್ಮ ಕಾರಿನ ಮಡ್‌ಗಾರ್ಡಿನ ತೂತು ತಾವೇ ಮನ್ಯಾಗ ಮುಚ್ಯಾರಂತ. ನೋಡಿದ್ರೇನ್ರಿ?” ಹೆಂಡತಿ ಕೇಳಿದಳು.

“ನೋಡಿದೆ. ಗಾಜಿನ ನೂಲಿನ ಬಟ್ಟಿ ಹಚ್ಚಿ, ಬೊಂಬಾಯಿಂದ ತರಿಸಿದ ಎರಡು ಡಬ್ಬಿ ಅಂಟು ಕಲಸಿ ಬಳದಾರ. ಅದೂ ಒಂದು ಕೆಲಸಾ?”

“ಒಂಬತ್ತು ವರ್ಷ ಆ ಕಾರಿನ ಕೆಲಸ ನೀವೇ ಮಾಡತಿದ್ರಿ.”

“ಸುತ್ತಿಗಿ ಹಿಡಿಯಾಕ ಬರದವ್ರು ಈಗ ಊರಿಗೆಲ್ಲ ತೋರಸ್ತಾರ.”

“ಗಟ್ಟಿ ಐತೇನ್ರಿ?”

ಅವನು ಬಲಗೈಯ ಬೆರಳು ಮಡಚಿಕೊಂಡ.

“ಅವರು ಒಳಗ ಹೋದಾಗ ಉಗುರಿಂದ ಜೋರಾಗಿ ಕೆರದೆ.”

“ಅಯ್ಯ! ಕಿತ್ತು ಬಂತಾ?”

“ನನ್ನ ಉಗುರೇ ಮುರೀತು.”

ಅವಳು ಬಾಯಿಗೆ ಸೆರಗು ಇಟ್ಟು ನಕ್ಕಳು.

“ನಗಬ್ಯಾಡ. ಹೊಟ್ಟಿ ಉರೀತೈತಿ ನನಗ.”

“ಹಂಗಾದ್ರ ಅವರ ಹತ್ರ ಕಲೀರಿ.”

“ಸತ್ರೂ ಇಲ್ಲ.”

“ಸಿದ್ದಾಪುರದ ಗ್ಯಾರೇಜಿನ ಮಧುಕೇಶ್ವರ ನಾಳೆ ಕಲಿಯಾಕ ಬರ್ತಾನಂತ. ಹೆಗಡೇರ ಹೆಂಡ್ತಿ ಹೇಳಿದ್ರು.”

“ಆ ಮಧುಕೇಶ್ವರ? ನೆಟ್ಟಗ ಒಂದು ಬಾಗಿಲ ತಗಡು ಕೂಡ್ಸಾಕ ಬರಲ್ಲ ಅವಂಗ!”

ಶಿರಸಿ ಬಸ್ಸು ಬಂತು. ಅವಳನ್ನು ಹತ್ತಿಸಿ ಅವನು ಕೆಳಗೇ ನಿಂತ.

“ನೀವು ಹತ್ರಿ!”

“ನೀ ಹೋಗು. ಅವಂಗಿಂತ ಮೊದಲು ನಾ ಕಲೀಬೇಕು.”

ಬಸ್ಸು ಹೊರಡುವ ಮೊದಲೇ ಅವನು ಹೆಗಡೆಯವರ ಮನೆಯ ದಾರಿ ಹಿಡಿದಿದ್ದ.