ಅಳಿಯನ ಕೈಗೆ ಚೆಂಡು

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತವರು ಬಾಸ್ಕೆಟ್‌ಬಾಲ್ ಆಟ ಸೋತು ಬಂದ ಅಮರಗುಂಡಪ್ಪ ಮತ್ತು ಅವನು ‘ಮಾವ’ ಎನ್ನುವ ಅವನ ಅಕ್ಕನ ಗಂಡ.

“ಬುಟ್ಟಿ ಕೆಳಗ ನೀ ಒಬ್ಬನ ನಿಂತಿದ್ದಿ. ಯಾಕ ಒಗೀಲಿಲ್ಲಲೇ?”

“ನೀವು ನಮ್ಮನಿ ಅಳಿಯರು. ನಿಮಗ ಕೊಡದ ನಾ ಹೆಂಗ ಒಗೀಲ್ರಿ ಮಾವಾ?”

“ನನ್ನ ಸುತ್ತ ಮೂರು ಮಂದಿ ಮುತ್ತಿದ್ರಲ್ಲ!”

“ಊಟಕ್ಕ ಕುಂತಾಗೂ ಮಂದಿ ಮುತ್ತಿರ್ತಾರ. ಹೋಳಿಗಿ ಮೊದ್ಲ ನಿಮಗ ಅಲ್ಲೇನ್ರಿ? ನೀವರ ಚೆಂಡು ತಿರುಗಿ ಕೊಡಬೇಕಿತ್ತು.”

“ಅಳಿಯ ಇಸ್ಕೋತಾನಲೇ, ಕೊಡೂದಿಲ್ಲ. ಬರೋ ಐತ್ವಾರನೂ ಒಗೀಲಿಲ್ಲಂದ್ರ ನಿನ್ನ ತಂಡದಿಂದ ತಗೀತಾರ. ಜರಾ ನುಗ್ಗೂದು ಕಲಿ.”

ಮುದಗಲ್ಲಿಗೆ ಹೋಗುವ ಕೊನೆಯ ಬಸ್ಸು ಬಂತು. ಒಬ್ಬರಿಗಷ್ಟೇ ಜಾಗ ಎಂದ ಕಂಡಕ್ಟರ್. ಅಮರಗುಂಡಪ್ಪ ಅಕ್ಕನ ಗಂಡನನ್ನು ಮೊಣಕೈಯಿಂದ ಸರಿಸಿ, ಹತ್ತಿ ಕುಳಿತ.

“ಇವತ್ತಿಂದನ ರೂಢಿ ಮಾಡ್ಕೋತೀನ್ರೀ ಮಾವಾ!” ಎಂದು ಕಿಟಕಿಯಿಂದ ಕೂಗಿದ. ಬಸ್ಸು ಹೊರಟಿತು.