ಒದೆಸಿಕೊಳ್ಳಲು ಹೋದ ಸಾಹುಕಾರ

ಬೆಳಿಗ್ಗೆ ಏಳು ಗಂಟೆ. ಒಂದೂರಿನ ಸಾಹುಕಾರ ಸೀನಿದ.

ಸೀನು ಯಾರಿಗೆ ಬರುವುದಿಲ್ಲ? ಬಡವನಿಗೂ ಬರುತ್ತದೆ, ಶ್ರೀಮಂತನಿಗೂ ಬರುತ್ತದೆ, ಪ್ರವಚನಕ್ಕೆ ಕುಳಿತವರಿಗೆ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ. ಆದರೆ ಅವತ್ತು ಸಾಹುಕಾರನ ಮನೆಯಲ್ಲಿ ಮಗಳ ನಿಶ್ಚಯ. ಹನ್ನೊಂದಕ್ಕೆ ಬೀಗರು ಬರುವವರಿದ್ದರು. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಪಡಸಾಲೆಗೆ ಬಂತು, ಸೀನೂ ಬಂತು. ಒಂದೇ ಒಂದು. ಶುಭಕಾರ್ಯದ ದಿನ ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ದೋಷವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದನ್ನು ಈತ ನಂಬಿದ್ದ. ಏನು ಮಾಡಿದ? ಹೆಗಲ ಮೇಲಿನ ವಲ್ಲಿಯ ತುದಿಯನ್ನು ಬತ್ತಿಯ ಹಾಗೆ ಹೊಸೆದು ಮೂಗಿಗೆ ತೂರಿಸಿ, ಎರಡನೆಯ ಸೀನನ್ನು ಬಲವಂತದಿಂದ ಹೊರಗೆ ಎಳೆದ. ಅದೂ ಬಂತು. ಬಂದ ರಭಸಕ್ಕೆ ಸೊಂಟ ಹಿಡಿಯಿತು.

ಬಾಗಿದ. ಬಾಗಿದವನು ಏಳಲಿಲ್ಲ.

ಈ ಸಾಹುಕಾರ ಎಂಥವನು ಎಂದು ತಿಳಿದರೆ ನಿಮಗೆ ಇದರ ರುಚಿ ಹತ್ತೀತು. ಪ್ರಾಯದಲ್ಲಿ ಗರಡಿಮನೆಯ ಮುಂದಿನ ಗುಂಡುಕಲ್ಲನ್ನು ಎತ್ತಿ ಭುಜದ ಮೇಲಿಂದ ಹಿಂದಕ್ಕೆ ಒಗೆದವನು. ಹೊಳೆ ಊರೊಳಗೆ ನುಗ್ಗಿದ ವರ್ಷ ಕೆಳಗಿನ ಓಣಿಯ ಮುದುಕರನ್ನು ಒಬ್ಬೊಬ್ಬರನ್ನಾಗಿ ಬೆನ್ನ ಮೇಲೆ ಹೊತ್ತು ತಂದು ಎತ್ತರದ ಕಟ್ಟೆಯ ಮೇಲೆ ಕೂರಿಸಿದವನು. ಹತ್ತಿಯ ಗೋದಾಮು ಸುಟ್ಟು ಬೂದಿಯಾದಾಗ, ಬೂದಿ ಬಾಚಿ ಹಾಕಿ ಅದೇ ಜಾಗದಲ್ಲಿ ಚಪ್ಪರದ ಕೆಳಗೆ ಮತ್ತೆ ವ್ಯಾಪಾರಕ್ಕೆ ಕುಳಿತವನು. ಇದರಲ್ಲಿ ಸುಳ್ಳಿಲ್ಲ. ಗಟ್ಟಿ ಮನುಷ್ಯ ಎಂದರೆ ಗಟ್ಟಿ ಮನುಷ್ಯನೇ. ಅವನ ತಪ್ಪು ಬೇರೆ ಕಡೆ ಇತ್ತು. ಗಟ್ಟಿಯಾದವನಿಗೆ ನೋವಾಗುವುದಿಲ್ಲ ಎಂದು ತಿಳಿದಿದ್ದ. ನೋವಾದರೆ ಗಟ್ಟಿಯಲ್ಲ ಎಂದು ತಿಳಿದಿದ್ದ. ಎದುರು ಬಂದವರು ಆರಾಮಾ ಎಂದು ಕೇಳಿದರೆ, "ನನಗೇನಾಗ್ತೈತಿ?" ಎಂದು ತಿರುಗಿ ಕೇಳುತ್ತಿದ್ದ. ಕೇಳಿದವನೇ ಏನೋ ತಪ್ಪು ಮಾಡಿದವನ ಹಾಗೆ ಜಾಗ ಬಿಡಬೇಕು.

ಹೆಂಡತಿ ತೀರಿಕೊಂಡ ದಿನವೂ ಹಾಗೆಯೇ. ಬಂದವರಿಗೆ ಚಾಪೆ ಹಾಸಿದವನು ಅವನು, ಅತ್ತವರಿಗೆ ನೀರು ಕೊಟ್ಟವನೂ ಅವನು. ನೋಡಿ, ಸತ್ತಿದ್ದು ಯಾರ ಹೆಂಡತಿ ಎಂದು ಹೊಸಬರಿಗೆ ತಿಳಿಯುವಂತಿರಲಿಲ್ಲ. ಅದೇ ಊರಿಗೆ ಕೊಟ್ಟಿದ್ದ ಅವನ ಅಕ್ಕ ಇದನ್ನೆಲ್ಲ ನೋಡಿ, ನಾಲ್ಕು ಮಂದಿಯ ಎದುರಿಗೇ ಹೇಳಿಬಿಟ್ಟಳು: "ತಮ್ಮಾ, ಒಂದೀಟು ಅತ್ತುಬಿಡಪಾ. ಒಳಗ ಇಟ್ಕೊಂಡ್ರ ಎಲ್ಲೆರ ಹಿಡಕೊಂತೈತಿ."

ಅಷ್ಟೇ ಮಾತು. ಅದನ್ನು ಅವನು ಅವಮಾನ ಎಂದುಕೊಂಡ. ಅವತ್ತಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಅವಳ ಮನೆ ಊರ ಹೆಬ್ಬಾಗಿಲಾದ ಅಗಸಿಯ ಪಕ್ಕದಲ್ಲಿ. ಅದನ್ನು ದಾಟದೆ ಊರಿಗೆ ಬರುವಂತಿಲ್ಲ, ಊರು ಬಿಡುವಂತಿಲ್ಲ. ದಾಟುವಾಗಲೆಲ್ಲ ಸಾಹುಕಾರ ಎದುರಿನ ಗೋಡೆಯನ್ನು ನೋಡುತ್ತ ದಾಟುತ್ತಿದ್ದ. ವರ್ಷಗಟ್ಟಲೆ ನೋಡಿ ಆ ಗೋಡೆಯ ಬಿರುಕುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ನಿಮ್ಮಲ್ಲಿಯೂ ಕೆಲವರಿಗೆ ಅಂಥ ಗೋಡೆ ಇದ್ದೀತು. ಯಾರೆಂದು ಕೇಳುವುದಿಲ್ಲ.

ತಾಯಿಯಿಲ್ಲದ ಮಗಳು, ನಿಶ್ಚಯಕ್ಕೆ ಸೋದರತ್ತೆಯೇ ಬಂದು ಉಡಿ ತುಂಬಲಿ ಎಂದು ತಿಂಗಳಿಂದ ಬೇಡಿದ್ದಳು. ಕರೆಯಬೇಕಾದರೆ ಅಕ್ಕನ ಬಾಗಿಲಿಗೆ ಹೋಗಬೇಕು. ಯಾರ ಮುಂದೆಯೂ ಬಾಗುವ ಮಂದಿ ನಾವಲ್ಲ ಎಂದು ಅಪ್ಪ ಅಂದಿದ್ದ. ಅಂದವನು ಈಗ ಪಡಸಾಲೆಯ ನಡುವೆ, ಅಂಗಡಿಯಲ್ಲಿ ಬಟ್ಟೆ ಮಡಚಿಟ್ಟ ಹಾಗೆ ಮಡಚಿ ನಿಂತಿದ್ದಾನೆ.

ಮುಲಾಮು ತಿಕ್ಕಿದರು. ಇಟ್ಟಿಗೆ ಕಾಯಿಸಿ ಶಾಖ ಕೊಟ್ಟರು. ಗೋಡೆಗೆ ಒತ್ತಿ ನೆಟ್ಟಗೆ ಮಾಡಲು ನೋಡಿದರು. ಆಗ ಅವನು ಕೂಗಿದ ಕೂಗಿಗೆ ಹಿತ್ತಲ ಎಮ್ಮೆ ಹಗ್ಗ ಕಿತ್ತುಕೊಂಡಿತು. ಡಾಕ್ಟರು ಇರುವುದು ತಾಲೂಕಿನಲ್ಲಿ. ಹೋಗಿ ಬರುವಷ್ಟರಲ್ಲಿ ಬೀಗರು ಬಂದು ಖಾಲಿ ಮನೆ ನೋಡುತ್ತಾರೆ.

ಕೊನೆಗೆ ಮಗಳೇ ಬಾಯಿಬಿಟ್ಟಳು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆ ಇದೆಯಲ್ಲ, ಊರಲ್ಲಿ ಹಾಗೆ ಹುಟ್ಟಿದವಳು ಒಬ್ಬಳೇ. ಅದು ಅವಳ ಅತ್ತೆ. ಅಂದರೆ ಇವನ ಅಕ್ಕ. ನಾಲ್ಕು ಹಳ್ಳಿಯವರು ಅವಳ ಹತ್ತಿರ ಒದೆಸಿಕೊಳ್ಳಲು ಬರುತ್ತಿದ್ದರು. ವೈದ್ಯರು ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪಿರೆಂದು ಹೇಳುವುದಿಲ್ಲ. ಪ್ರವಚನ ಮುಗಿಸಿ ಮನೆಗೆ ಹೋಗಿ ಯಾರನ್ನೂ ಒದೆಯಬೇಡಿ.

ಸಾಹುಕಾರ ಮೊದಲು ಆಗುವುದಿಲ್ಲ ಎಂದ. ಆಗ ಮಗಳು ಶಾಂತವಾಗಿ ಹೇಳಿದಳು: "ಬ್ಯಾಡಂದ್ರ ಬಿಡು. ಬೀಗರು ಬಂದಾಗ ನೀ ಹಿಂಗ ನಿಂತಿದ್ರ, ಹುಡುಗನ ಕಾಲಿಗೆ ಬೀಳಾಕತ್ತಿ ಅಂತ ತಿಳ್ಕೊಂತಾರ."

ಅದು ನಾಟಿತು. ಆಳುಗಳು ಮಂಚದ ಮೇಲೆ ಹೊತ್ತೊಯ್ಯುತ್ತೇವೆ ಎಂದರು. ನಾಲ್ಕು ಮಂದಿ ಹೊರುವುದು ಒಂದು ಸಲ ಸಾಕು ಎಂದು ಸಾಹುಕಾರ ನಡೆದೇ ಹೊರಟ.

ಹೇಗೆ ಹೊರಟ? ಕೈ ಇಳಿಬಿಟ್ಟರೆ ನೋವು, ಬೆನ್ನಿಗೆ ಕೊಟ್ಟರೂ ನೋವು. ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಂಡರೆ ಮಾತ್ರ ತಡೆದುಕೊಳ್ಳಬಹುದು. ಈಗ ಕಣ್ಣಮುಂದೆ ತಂದುಕೊಳ್ಳಿ. ಯಾರಿಗೂ ತಲೆ ಬಾಗದ ಸಾಹುಕಾರ, ನಡು ಬಗ್ಗಿಸಿ, ಕೈ ಜೋಡಿಸಿಕೊಂಡು, ಬೆಳಗಿನ ಹೊತ್ತಿನಲ್ಲಿ ಊರ ನಡುವಿನ ಓಣಿಯಲ್ಲಿ ಬರುತ್ತಿದ್ದಾನೆ. ನೋಡಿದವರು ಏನೆಂದುಕೊಳ್ಳಬೇಕು?

ಕ್ಷೌರಿಕ ತನ್ನ ಅಂಗಡಿಯಿಂದ ಇಳಿದು ಬಂದು ತಾನೂ ಕೈಮುಗಿದ. ಒಂದು ಕಾಲದಲ್ಲಿ ಸಾಹುಕಾರನ ಜೊತೆ ಜಗಳವಾಡಿದ್ದ ಗಾಣದವನು, ದೊಡ್ಡವರು ನೀವೇ ಮರೆತ ಮೇಲೆ ನನ್ನದೇನು ಎಂದು ಕಣ್ಣೊರೆಸಿಕೊಂಡ. ಕನ್ನಡ ಸಾಲೆಯ ಮಾಸ್ತರರು ಮರ್ಯಾದೆಯ ಮನುಷ್ಯ. ಸಾಹುಕಾರರು ಇಷ್ಟು ಬಾಗಿದಾಗ ತಾವು ಕಡಿಮೆ ಬಾಗಬಾರದು ಎಂದು ಅವರು ಇನ್ನೂ ಕೆಳಗೆ ಬಾಗಿದರು. ಅವರು ಏಳಲಿ ಎಂದು ಇವರು, ಇವರು ಏಳಲಿ ಎಂದು ಅವರು, ಓಣಿಯ ನಡುವೆ ಇಬ್ಬರೂ ಹಣೆಗೆ ಹಣೆ ಹಚ್ಚುವಷ್ಟು ಹತ್ತಿರ ನಿಂತರು. ಹಿಂದೆ ಎತ್ತಿನ ಗಾಡಿ ನಿಂತು, ದಾರಿ ಬಿಡಿರೆಂದು ಗಾಡಿಯವನು ಕೂಗಿದ ಮೇಲೆ ಮಾಸ್ತರರು ಎದ್ದರು. ಸಾಹುಕಾರ ಯಾರಿಗೂ ನಿಜ ಹೇಳಲಿಲ್ಲ. ಸೊಂಟ ಹಿಡಿದಿದೆ ಎನ್ನುವುದಕ್ಕಿಂತ ವಿನಯ ಬಂದಿದೆ ಎನ್ನಿಸಿಕೊಳ್ಳುವುದು ವಾಸಿ ಎನಿಸಿತು ಅವನಿಗೆ.

ಅಕ್ಕ ಅಗಸಿಯ ಪಕ್ಕದ ತನ್ನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಎದುರು ಗೋಡೆಯನ್ನು ನೋಡದೆ ತನ್ನ ಬಾಗಿಲಿಗೇ ಬಾಗಿ ಬಂದ ತಮ್ಮನನ್ನು ಕಂಡು ಅವಳ ಕೈ ನಿಂತಿತು. ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಏಳಪಾ ತಮ್ಮಾ. ಇಷ್ಟ್ಯಾಕ ಬಾಗ್ತಿ? ನಾ ಅದನ್ನ ಆವತ್ತ ಮರತೀನಿ."

"ಏಳಾಕ ಬಂದಿದ್ರ ಇಲ್ಲೀತನ ಯಾಕ ಬರ್ತಿದ್ದೆ?"

ಅಕ್ಕ ತಲೆ ವಾರೆ ಮಾಡಿ ಅವನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಕಣ್ಣೊತ್ತಿಕೊಂಡ ಸೆರಗನ್ನೇ ಬಾಯಿಗೆ ಒತ್ತಿಕೊಂಡಳು.

"ಹಿಡಕೊಂಡೈತೇನು?"

"ಹಿಡಕೊಂಡೈತಿ."

"ಹಂಗಾರ ಬಾಯಿಬಿಟ್ಟು ಕೇಳು."

ಒದೆಸಿಕೊಳ್ಳುವವರು ತಾವೇ ಕೇಳಬೇಕು ಎನ್ನುವುದು ಅವಳ ನಿಯಮ. ಕೇಳದವರನ್ನು ಒದ್ದರೆ ಅದು ಜಗಳವಾಗುತ್ತದೆ, ನ್ಯಾಯವೇ ಅಲ್ಲವೇ? ಬಾಗಿದ್ದ ಸಾಹುಕಾರನಿಗೆ ಕಾಣುತ್ತಿದ್ದುದು ಅಕ್ಕನ ಪಾದ ಮಾತ್ರ. ಗುಂಡುಕಲ್ಲು ಎತ್ತುವುದಕ್ಕೆ ತೆಗೆದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ಆ ಪಾದಗಳನ್ನು ನೋಡಿ, ಒದಿ ಎಂದ. ಕೇಳಿಸಲಿಲ್ಲ ಎಂದಳು ಅಕ್ಕ.

"ಒದಿ ಅಂದೆ, ಅಕ್ಕಾ."

"ಆ ಗ್ವಾಡಿ ನೋಡ್ಕೊಂತ ಹೋಗ್ತಿದ್ದೆಲ್ಲ, ಆವಾಗನ ಒದಿಬೇಕಂತಿದ್ದೆ. ಹಿಂದಿಂದ ಓಡಿ ಬಂದು." ಹೀಗೆಂದು ಅಕ್ಕ ಏಳಲು ಹೋದಳು, ಮತ್ತೆ ಕುಳಿತಳು. ಸಂಗತಿ ಹೀಗಿತ್ತು. ಅವಳು ಒದೆಯುವುದು ಬಲಗಾಲಿನಿಂದ. ಒದೆಯುವಾಗ ನಿಲ್ಲಬೇಕಾದ್ದು ಎಡಗಾಲ ಮೇಲೆ. ಎಡ ಮೊಣಕಾಲು ಸವೆದು ಹೋಗಿತ್ತು. ಊರಿನವರ ಸೊಂಟವನ್ನೆಲ್ಲ ನೆಟ್ಟಗೆ ಮಾಡುವವಳಿಗೆ ಒಂಟಿ ಕಾಲ ಮೇಲೆ ನಿಲ್ಲಲು ಬರುತ್ತಿರಲಿಲ್ಲ! ದಿನವೂ ಗಂಡ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದ. ಅವತ್ತು ಗಂಡ ಹೊಲಕ್ಕೆ ಹೋಗಿದ್ದ.

"ನೀನ ಹಿಡಕೋಬೇಕು ನನ್ನ," ಎಂದಳು.

ಸಾಹುಕಾರ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದ. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ಅಕ್ಕನ ಕೈ ಹಿಡಿದ. ಒದೆಸಿಕೊಳ್ಳುವವನ ಆಸರೆಯಲ್ಲಿ ಒದೆಯುವವಳು ನಿಂತಳು. ಮೊದಲನೆಯ ಒದೆತ ಮೆಲ್ಲಗೆ, ಪಾದ ಮುಟ್ಟಿಸಿದ ಹಾಗೆ. ಎರಡನೆಯದು ಸ್ವಲ್ಪ ಜೋರು. ಮೂರನೆಯದಕ್ಕೆ ಗೋಡೆಯ ನೆನಪು ಬಂದಿರಬೇಕು, ಅಕ್ಕ ಕಾಲು ಬೀಸಿದಳು, ಎಡ ಮೊಣಕಾಲು ಕೈಕೊಟ್ಟಿತು, ಇಬ್ಬರೂ ಹೊಸ್ತಿಲ ಮೇಲೆ ಬಿದ್ದರು. ಮೊರ ಮಗುಚಿ ಜೋಳವೆಲ್ಲ ಅವರ ಮೇಲೆ ಚೆಲ್ಲಿತು.

ಇವನಿಗೆ ಏಳಲು ಬರುವುದಿಲ್ಲ, ಅವಳಿಗೂ ಬರುವುದಿಲ್ಲ. ಮೊದಲು ಅಕ್ಕ ನಕ್ಕಳು. ನಗುವಿಗೆ ಅವಳ ಮೈ ಕುಲುಕಿದರೆ ಇವನ ಸೊಂಟಕ್ಕೆ ನೋವು. ನಗಬೇಡ ಎನ್ನಲು ಹೋದವನು ತಾನೂ ನಕ್ಕ. ನಗುತ್ತ ನಗುತ್ತ ಅವನ ಧ್ವನಿ ಬೇರೆಯಾಯಿತು. ಅಕ್ಕನ ನಗು ನಿಂತಿತು.

"ಅಳಾಕತ್ತಿ ಏನೋ?"

"ನೋವಿಗೆ."

"ಹೂಂ, ನೋವಿಗೇ ಅಳೂದಪಾ. ಮತ್ತ್ಯಾತಕ್ಕ ಅಳ್ತಾರ ಮಂದಿ?"

ಅವನು ಅಳುತ್ತಲೇ ಹೇಳಿದ: "ಆಕಿ ಇದ್ದಿದ್ರ, ಮೆಣಸಿನಕಾಯಿ ಹುರಿಯೂ ಮುಂದ ಅಡಗಿಮನಿ ಕದ ಹಾಕ್ಕೊಂತಿದ್ಳು. ನನಗ ಘಾಟು ತಡಿಯಂಗಿಲ್ಲಂತ."

ಅಷ್ಟೂ ವರ್ಷದಲ್ಲಿ ಹೆಂಡತಿಯ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಅಕ್ಕ ಅವನ ತಲೆಯಲ್ಲಿ ಸಿಕ್ಕಿದ್ದ ಜೋಳದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದಳು.

ಬೀಗರ ಜೀಪು ಅಗಸಿಯೊಳಗೆ ಬಂದದ್ದು ಆಗಲೇ. ಗಂಡಿನ ತಂದೆ ದಾರಿ ಕೇಳಲು ಇಳಿದ. ಹೊಸ್ತಿಲಲ್ಲಿ ಜೋಳದ ನಡುವೆ ಬಿದ್ದುಕೊಂಡಿದ್ದ ಬೀಗನನ್ನು ಕಂಡ. ಈಗ ನೋಡಿ, ಮಗಳ ಸಂಬಂಧ ಈ ಒಂದು ಕ್ಷಣದ ಮೇಲೆ ನಿಂತಿದೆ. ಸಾಹುಕಾರನ ಬಾಯಿಗೆ ಹಳೆಯ ಮಾತೇ ಬಂತು: "ನನಗೇನಾ..." ಅಲ್ಲಿಗೆ ನಿಲ್ಲಿಸಿದ. ಮುಖ ಒರೆಸಿಕೊಂಡು, "ಸೊಂಟ ಹಿಡದೈತ್ರೀ. ಏಳಾಕ ಬರವಲ್ದು. ಒಂಚೂರು ಕೈ ಕೊಡ್ರಿ," ಎಂದ.

ಗಂಡಿನ ತಂದೆ ಕೈ ಕೊಡಲಿಲ್ಲ. ಸುತ್ತ ಒಮ್ಮೆ ನೋಡಿ, ಗರಿಗರಿಯಾದ ಅಂಗಿಯನ್ನು ಮೇಲಕ್ಕೆತ್ತಿದ. ಹೊಟ್ಟೆಗೆ ಬಿಗಿದ ಅಗಲವಾದ ಸೊಂಟದ ಪಟ್ಟಿ ಇತ್ತು. "ನನಗೂ ಬಗ್ಗಾಕ ಬರಂಗಿಲ್ರೀ," ಎಂದ. "ನಿಮ್ಮದು ಗಟ್ಟಿ ಮಂದಿ ಮನಿ ಅಂತ ಕಾಣದಂಗ ಕಟಗೊಂಡು ಬಂದೀನಿ. ದಾರಿ ತುಂಬ ಉಸಿರಾಡಿಲ್ಲ." ಜೀಪಿನಲ್ಲಿದ್ದ ಹುಡುಗನೇ ಇಳಿದು ಇಬ್ಬರನ್ನೂ ಎತ್ತಿ ಕೂರಿಸಿದ. ಮಗಳನ್ನು ಅಲ್ಲಿಗೇ ಕರೆಸಿದರು. ನಿಶ್ಚಯ ಅಕ್ಕನ ಮನೆಯ ಕಟ್ಟೆಯ ಮೇಲೆ ಆಯಿತು. ಉಡಿ ತುಂಬಿದವಳು ಅಕ್ಕ, ಕುಳಿತುಕೊಂಡೇ.

ಕಥೆಗೆ ನಕ್ಕಿರಿ, ಸಂತೋಷ. ಈಗ ನಿಮ್ಮನ್ನು ಕೇಳುತ್ತೇನೆ. ಮುದುಕರನ್ನು ಹೊಳೆಯಿಂದ ಹೊತ್ತು ತಂದದ್ದು ಯಾವ ಬೆನ್ನು? ಸೀನಿಗೆ ಹಿಡಿದುಕೊಂಡದ್ದು ಯಾವ ಬೆನ್ನು? ಎರಡು ಬೆನ್ನು ಇದ್ದವೇ ಅವನಿಗೆ? ಹಿಡಿದುಕೊಂಡಿತೆಂದು ಹೊತ್ತದ್ದು ಸುಳ್ಳಾಯಿತೇ? ಇಲ್ಲ. ನಾಲ್ಕು ಹಳ್ಳಿಗೆ ಮದ್ದಾದ ಅಕ್ಕನಿಗೂ ಒಂದು ಕಾಲು ಸೋತಿತ್ತು. ಆ ಕಾಲು ಸರಿಯಾಗಲಿ, ಆಮೇಲೆ ಬನ್ನಿ ಎಂದು ಅವಳು ಯಾರನ್ನೂ ವಾಪಸು ಕಳಿಸಲಿಲ್ಲ. ಹಿಡಿದುಕೊಳ್ಳಿ ಎಂದಳು, ಅಷ್ಟೇ.

ನಾವೇನು ಮಾಡುತ್ತೇವೆ? ಆರಾಮಾ ಎಂದರೆ ಆರಾಮ ಎನ್ನುತ್ತೇವೆ. ಹಲ್ಲು ನೋಯುತ್ತಿರುತ್ತದೆ, ಆರಾಮ. ರಾತ್ರಿ ನಿದ್ದೆ ಬಂದಿರುವುದಿಲ್ಲ, ಆರಾಮ. ಆಸ್ಪತ್ರೆಯ ಹಾಸಿಗೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವನನ್ನು ಕೇಳಿ ನೋಡಿ, ಆರಾಮ ಅದೀನ್ರೀ ಅನ್ನುತ್ತಾನೆ! ನಾಳೆಯಿಂದ ಇದೊಂದನ್ನು ಬದಲಿಸಿ. ಎಲ್ಲರಿಗೂ ಎಲ್ಲವನ್ನೂ ಹೇಳಬೇಡಿ, ಹಾಗೆ ಹೇಳುತ್ತ ನಿಂತರೆ ಬಸ್ಸು ತಪ್ಪುತ್ತದೆ. ಒಬ್ಬರಿಗೆ ಹೇಳಿ. ಎಲ್ಲಿ ಹಿಡಿದುಕೊಂಡಿದೆಯೋ ಅದನ್ನು ಬಾಯಿಬಿಟ್ಟು ಹೇಳಿ. ಇನ್ನು ನಿಮ್ಮ ಮನೆಯಲ್ಲಿ ಒಬ್ಬರಿರುತ್ತಾರೆ, ಅವರಿಗೇನಾಗುತ್ತದೆ, ಅವರು ಗಟ್ಟಿ ಎಂದು ನೀವೇ ಹೇಳಿಕೊಂಡು ತಿರುಗುತ್ತೀರಿ. ಅವರನ್ನು ಒಂದು ಸಲ ಕೇಳಿ ಸುಮ್ಮನಾಗಬೇಡಿ, ಎರಡನೆಯ ಸಲವೂ ಕೇಳಿ. ಮತ್ತೆ ನೀವು ನೋಡಿಕೊಂಡು ಹೋಗುವ ಆ ಗೋಡೆ ಇದೆಯಲ್ಲ, ಅದರ ಎದುರಿನ ಬಾಗಿಲಿಗೆ ಸೊಂಟ ನೆಟ್ಟಗಿರುವಾಗಲೇ ಹೋಗಿ ಬನ್ನಿ.

ಸಾಹುಕಾರನ ಸೊಂಟ ಅಕ್ಕನ ಒದೆತಕ್ಕೆ ಬಿಡಲಿಲ್ಲ. ಮರುದಿನ ತಾಲೂಕಿನ ಡಾಕ್ಟರು ಹಲಗೆಯ ಮೇಲೆ ಮಲಗು ಎಂದರು, ಒಂದು ವಾರ ಮಲಗಿದ. ಮಲಗಿದ್ದಷ್ಟು ದಿನವೂ ಅಕ್ಕ ಕುಂಟುತ್ತ ಬಂದು ಅವನ ಅಡುಗೆಮನೆಯಲ್ಲೇ ಅಡುಗೆ ಮಾಡಿದಳು. ಒಂದು ದಿನ ಕದ ಹಾಕಿಕೊಳ್ಳಲು ಮರೆತಳು, ಘಾಟು ಬಂತು, ಅವನಿಗೆ ಒಂದು ಸೀನು ಬಂತು. ಎರಡನೆಯದಕ್ಕೆ ಅವನು ಪ್ರಯತ್ನಿಸಲಿಲ್ಲ.