ದರ್ಜಿ ಅಕ್ಕ ಕೂತು ನೋಡಿದ ಕುರ್ಚಿ

ಕುರ್ಚಿ ಅಂಗಡಿಯಲ್ಲಿ ಬಿಲ್ಲಿಗೆ ಕಾಯುತ್ತಿದ್ದೆ. ಪಕ್ಕದಲ್ಲೊಬ್ಬ ದರ್ಜಿ ಹೆಂಗಸು ಹೊಸ ಆಫೀಸು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತು, ಇಲ್ಲದ ಹೊಲಿಗೆ ಯಂತ್ರವನ್ನು ತುಳಿಯುತ್ತಿದ್ದರು. ಜೊತೆಗೆ ಅವರ ತಮ್ಮ.

“ಒರಗಿ ನೋಡಕ್ಕ. ಅದಕ್ಕೇ ಇಷ್ಟು ಬೆಲೆ.”

“ಒರಗಿಕೊಂಡು ಯಾರಪ್ಪ ಕಾಲರ್ ಹೊಲೀತಾರೆ?”

“ಸೊಂಟ ನೋಡ್ಕೊಳ್ಳದಿದ್ರೆ ಹೊಲಿಗೇನೇ ಬಿಡಬೇಕು ಅಂದಿದ್ದಾರೆ ಡಾಕ್ಟರು.”

“ಅದಕ್ಕೇ ತಾನೆ ಬಂದಿರೋದು? ಸೀಟು ಗಟ್ಟಿಯಾಗಿದೆ, ಎತ್ತರ ನನಗೇ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ತುಳಿದಾಗೆಲ್ಲ ಹಿಂದಕ್ಕೆ ಓಡುತ್ತೆ, ಕೆಲಸ ಹೇಳಿದಾಗ ನೀನು ಓಡೋ ಹಾಗೆ.”

“ಹಾಗಾದ್ರೆ ಬೇಡ್ವಾ?”

“ಬೇಕು. ಇನ್ನೂ ಹತ್ತು ವರ್ಷ ಹೊಲೀತೀನಿ ನಾನು. ಚಕ್ರ ಬಿಚ್ಚಿಸು.”

“ಮನೇಲಿ ಬಿಚ್ಚೋಣ ಅಕ್ಕ. ಇಲ್ಲೇ ಬಿಚ್ಚಿಸಿದ್ರೆ ಹೊರೋನು ನಾನು.”

“ಇವತ್ತು ಇದೊಂದು ಮಾತು ಸರಿಯಾಗಿ ಆಡಿದೆ.”

ಅಕ್ಕ ಸೊಂಟಕ್ಕೆ ಕೈಕೊಟ್ಟು ಎದ್ದು ಮುಂದೆ ನಡೆದರು. ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ತಮ್ಮ.